ಬ್ಯಾಡಗಿ ಕಡ್ಡಿ ಎಂದು ಕೊಟ್ಟ ಸಸಿ ಬ್ಯಾಡಗಿಯದಲ್ಲ: ಮೆಣಸಿನಕಾಯಿ ಬೆಳೆಗಾರರೇ, ಎಚ್ಚರ

ನರ್ಸರಿಯಿಂದ ಬ್ಯಾಡಗಿ ಕಡ್ಡಿ ತಳಿಯ ಮೆಣಸಿನಕಾಯಿ ಸಸಿ ತರುವವರು ದಯವಿಟ್ಟು ಇದನ್ನು ಓದಿ. ವರ್ಷ ಮುಗಿಯುತ್ತಾ ಬಂತು, ನನ್ನ ಎರಡು ಎಕರೆಯ ದುಡಿಮೆ ಪೂರ್ತಿ ಮೋಸಕ್ಕೆ ಹೋಗಿದೆ.

ಜುಲೈಯಲ್ಲಿ ನಾಟಿ ಮಾಡಿದೆವು. ಮಳೆ ಕೈಕೊಡಲಿಲ್ಲ, ಎಲೆ ಮುದುಡುವ ಮುಟುರು ರೋಗವೂ ಅಷ್ಟಾಗಿ ಕಾಡಲಿಲ್ಲ, ಗಿಡದ ತುಂಬ ಕಾಯಿ. ಡಿಸೆಂಬರಿನಲ್ಲಿ ಮೊದಲ ಕೊಯ್ಲಿನ ಹಣ್ಣು ಕಣಕ್ಕೆ ಬಿತ್ತು. ಕಡ್ಡಿ ಒಣಗಿದರೆ ಹೇಗಿರುತ್ತದೆಂದು ನಿಮಗೆ ಗೊತ್ತು: ಮೈತುಂಬ ಸುಕ್ಕು, ಗಾಢ ಕೆಂಪು, ಖಾರ ಕಡಿಮೆ. ನನ್ನ ಕಾಯಿ ಒಳಗಿನ ಬೀಜ ಗಲಗಲ ಎನ್ನುವಷ್ಟು ಒಣಗಿದರೂ ನುಣ್ಣಗೆ ಹೊಳೆಯುತ್ತಿತ್ತು. ಬಿಸಿಲು ಸಾಲದೇನೋ ಎಂದು ಮತ್ತೆ ಹರಡಿದೆವು. ಸುಕ್ಕು ಬೀಳಲೇ ಇಲ್ಲ. ಒಂದನ್ನು ಮುರಿದರೆ ಘಾಟಿಗೆ ಕೆಮ್ಮು ಬಂತು.

ಬ್ಯಾಡಗಿ ಮಾರುಕಟ್ಟೆಯಲ್ಲಿ ದಲಾಲರು ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು ನೋಡಿ, “ಇದನ್ನು ಕಡ್ಡಿ ಎಂದವರು ಯಾರು? ಇದು ಗುಂಟೂರು ಕಡೆಯ ಜಾತಿ” ಎಂದರು. ಸುತ್ತಲೂ ಗುರುತಿನ ರೈತರು. ತಲೆ ಎತ್ತಲಾಗಲಿಲ್ಲ. ಅಪ್ಪನ ಕಾಲದಿಂದ ಅದೇ ಅಂಗಡಿಗೆ ಕಡ್ಡಿ ತಂದು ಸುರಿದವರು ನಾವು. ಕಲಬೆರಕೆ ಮಾಲು ತಂದವನಂತೆ ನಿಲ್ಲಬೇಕಾಯಿತು. ಟೆಂಡರ್ ಬಿದ್ದದ್ದು ಕಡ್ಡಿ ದರದ ಅರ್ಧಕ್ಕೂ ಕಡಿಮೆ.

ನರ್ಸರಿಯವನಿಗೆ ಫೋನ್ ಮಾಡಿದೆ. “ಅಣ್ಣಾ, ಅದು ನಿಮ್ಮ ಮಣ್ಣಿನ ಗುಣ.” ಮಣ್ಣಿಗೆ ತಳಿ ಬದಲಾಗುತ್ತದೆಯೇ? ಪಕ್ಕದ ಹೊಲದವರು ಮನೆಯ ಬೀಜದಿಂದ ಬೆಳೆದ ಕಡ್ಡಿ ಅದೇ ಎರೆ ಮಣ್ಣಿನಲ್ಲಿ, ಅದೇ ಮಳೆಯಲ್ಲಿ ಚೆನ್ನಾಗಿ ಸುಕ್ಕುಗಟ್ಟಿದೆ. ಅದನ್ನು ಹೇಳಿದರೆ, “ಬೀಜದ ಕಂಪನಿಯವರನ್ನು ಕೇಳಿ.” ಯಾವ ಕಂಪನಿ? “ಪಾಕೆಟ್ ಎಸೆದಿದ್ದೇವೆ.” ಕೊನೆಗೆ, “ಬಿಲ್ ಇದ್ದರೆ ತನ್ನಿ, ಮಾತಾಡೋಣ.” ಬಿಲ್! ಗಾಡಿಗೆ ಟ್ರೇ ತುಂಬುವಾಗ ನಾನೇ ಬಿಲ್ ಕೇಳಿದ್ದೆ. “ಪುಸ್ತಕ ಮುಗಿದಿದೆ, ಆಮೇಲೆ ಕಳಿಸುತ್ತೇನೆ” ಎಂದದ್ದು ಇದೇ ಮನುಷ್ಯ. ಆಮೇಲೆ ಕೇಳಿದಾಗಲೆಲ್ಲ ನಾಳೆ, ನಾಳೆ. ಎಳೆಯ ಸಸಿಯ ಎಲೆ ನೋಡಿ ಇಂಥದ್ದೇ ತಳಿ ಎಂದು ರೈತ ಹೇಳಲಾರ; ಇವರ ಧೈರ್ಯ ಇರುವುದೇ ಅಲ್ಲಿ.

1966ರ ಬೀಜ ಕಾಯ್ದೆಯ ಪ್ರಕಾರ ಬೀಜವೆಂದರೆ ಸಸಿಯೂ ಸೇರುತ್ತದೆ. 1983ರ ಬೀಜ ನಿಯಂತ್ರಣ ಆದೇಶದಂತೆ ಮಾರಿದವರು ರಸೀದಿ ಕೊಡಲೇಬೇಕು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಮೊಬೈಲಿನಲ್ಲಿ ಹಣ ಕಳಿಸಿದ ದಾಖಲೆ, “ಕಡ್ಡಿ ಸಸಿ ಸಿದ್ಧವಿದೆ” ಎಂದು ಅವನೇ ಕಳಿಸಿದ ಸಂದೇಶ, ಇವನ್ನು ಹಿಡಿದು ತೋಟಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟಿದ್ದೇನೆ. ಅಧಿಕಾರಿಗಳು ಬಂದು ನೋಡಲೆಂದು ಗಿಡಗಳನ್ನು ಕಿತ್ತಿಲ್ಲ. ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ, ಬಿಡುವುದಿಲ್ಲ.

ಬಿಲ್ ಪುಸ್ತಕ ಮುಗಿದಿದೆ ಎಂದವರಲ್ಲಿ ಒಂದು ಟ್ರೇಯನ್ನೂ ಗಾಡಿಗೆ ಏರಿಸಬೇಡಿ. ಬಿಲ್ಲಿನಲ್ಲಿ ತಳಿಯ ಹೆಸರು, ಲಾಟ್ ಸಂಖ್ಯೆ ಬರೆಸಿ. ಬೀಜದ ಖಾಲಿ ಪಾಕೆಟ್ ಕೇಳಿ ಇಸಿದುಕೊಳ್ಳಿ. ಹಾವೇರಿ, ಗದಗ, ಧಾರವಾಡದ ಕಡೆ ಯಾರಿಗಾದರೂ ಈ ಸಲ ಹೀಗೇ ಆಗಿದ್ದರೆ ನೀವೂ ಅರ್ಜಿ ಕೊಡಿ. ಒಬ್ಬನ ದೂರಾದರೆ ಮಣ್ಣಿನ ಗುಣ ಎಂದು ತಳ್ಳಿಹಾಕುತ್ತಾರೆ.