ಎಡಗಡೆಯ ಕಿಟಕಿ: ಕಾಸರಗೋಡು–ಮಂಗಳೂರು ಪ್ಯಾಸೆಂಜರ್ ಗಾಡಿ

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬೆಳಗ್ಗಿನ ಗಾಡಿಗಳಲ್ಲಿ ನಾನು 22 ವರ್ಷ ಓಡಾಡಿದ್ದೇನೆ. ಸೀಸನ್ ಟಿಕೆಟಿನಲ್ಲಿ. ಮಂಜೇಶ್ವರದಲ್ಲಿ ಇಳಿಯುವುದು, ಅಲ್ಲಿಂದ ಶಾಲೆಗೆ ಆಟೋ. ಅಷ್ಟು ವರ್ಷದಲ್ಲಿ ಕೂತದ್ದಕ್ಕಿಂತ ನಿಂತದ್ದೇ ಜಾಸ್ತಿ. ಸೀಟು ಸಿಕ್ಕಿದ ದಿನವೂ ಮಡಿಲಲ್ಲಿ ಮಕ್ಕಳ ಕಾಪಿ ಪುಸ್ತಕ, ಕೈಯಲ್ಲಿ ಕೆಂಪು ಪೆನ್ನು. ಕಿಟಕಿಯ ಹೊರಗೆ ಎಂತ ಉಂಟು ಅಂತ ಯಾರಾದರೂ ಕೇಳಿದ್ದರೆ ‘ತೆಂಗಿನ ಮರ’ ಅಂತ ಹೇಳುತ್ತಿದ್ದೆನೋ ಏನೋ.

ರಿಟೈರ್ ಆದ ಮೇಲೆ, ಹೋದ ನವೆಂಬರಿನ ಒಂದು ಬುಧವಾರ, ಅದೇ ದಾರಿಯ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಕೂತೆ. ಒಬ್ಬಳೇ. ಮಂಗಳೂರಿನಲ್ಲಿ ಕೆಲಸ ಇರಲಿಲ್ಲ. ಮದುವೆ ಇಲ್ಲ, ಸೀರೆ ತೆಗೆಯುವುದಕ್ಕಿಲ್ಲ, ಡಾಕ್ಟರ ಹತ್ತಿರ ಹೋಗುವುದಕ್ಕಿಲ್ಲ. ಬಂದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು. ನಮ್ಮ ಊರಿನವರು ಊಟಿ, ಮುನ್ನಾರ್ ಅಂತ ದೂರ ದೂರ ಹೋಗುತ್ತಾರೆ. ಹೋಗಲಿ, ಒಳ್ಳೆಯದೇ. ಆದರೆ ಮನೆಯ ಬಾಗಿಲಲ್ಲೇ ಇಂಥದ್ದೊಂದು ದಾರಿ ಇದೆ ಅಂತ ನಮಗೇ ಗೊತ್ತಿಲ್ಲ ಅಲ್ವಾ?

ಮೊದಲು ಬೇಕಾದ ವಿಷಯ ಹೇಳಿಬಿಡುತ್ತೇನೆ. ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್‌ಗೆ ರೈಲಿನಲ್ಲಿ 46 ಕಿಲೋಮೀಟರ್. ನಡುವೆ ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ. ಟಿಕೆಟ್ ಬಸ್ಸಿಗಿಂತ ತುಂಬಾ ಕಡಿಮೆ. ಕೊರೊನಾ ಸಮಯದಲ್ಲಿ ಕನಿಷ್ಠ ದರ 30 ರೂಪಾಯಿ ಆಗಿತ್ತು. 2024ರಲ್ಲಿ ಅದು ಮತ್ತೆ 10 ರೂಪಾಯಿಗೆ ಇಳಿಯಿತು. ಕೌಂಟರಿನಲ್ಲಿ ಕ್ಯೂ ಕಂಡರೆ ಹೆದರಬೇಡಿ, ಮೊಬೈಲಿನಲ್ಲೂ ಟಿಕೆಟ್ ತೆಗೆಯಬಹುದು.

ಇನ್ನು ಸೀಟು. ಮಂಗಳೂರಿಗೆ ಹೋಗುವಾಗ ಎಡಗಡೆ ಕೂರಿ. ಸಮುದ್ರ ಆ ಬದಿಗೆ. ಬೆಳಗ್ಗಿನ ಬಿಸಿಲು ಬಲಗಡೆಯಿಂದ ಬರುತ್ತದೆ, ಹಾಗಾಗಿ ಎಡಗಡೆ ನೆರಳೂ ಸಿಗುತ್ತದೆ. ಆಫೀಸು, ಕಾಲೇಜಿನ ಸಮಯದ ಗಾಡಿ ಬೇಡ, ಅದರ ನಂತರದ್ದು ನೋಡಿ. ನನಗೆ ಇಡೀ ಕಿಟಕಿ ಸಿಕ್ಕಿತು. ಕಂಬಿಯ ಮೇಲೆ ಮೊಣಕೈ ಇಟ್ಟು ಕೂತಾಗ ಆದ ಸಂತೋಷವನ್ನು ಹೇಗೆ ಹೇಳುವುದು? ಸಣ್ಣ ಹುಡುಗಿಯಾಗಿದ್ದಾಗ ಬಸ್ಸಿನಲ್ಲಿ ಕಿಟಕಿಗೆ ತಮ್ಮನ ಜೊತೆ ಜಗಳ ಮಾಡಿ ಗೆದ್ದ ಹಾಗೆ.

ಈ ದಾರಿ ಒಂದರ ಹಿಂದೆ ಒಂದು ಹೊಳೆ ದಾಟುತ್ತದೆ. ಮೊಗ್ರಾಲ್ ಹೊಳೆ, ಶಿರಿಯ ಹೊಳೆ, ಉಪ್ಪಳ ಹೊಳೆ, ಮಂಜೇಶ್ವರ ಹೊಳೆ, ಕೊನೆಗೆ ನೇತ್ರಾವತಿ. ಸೇತುವೆ ಬಂತು ಅಂತ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಗಾಡಿಯ ಶಬ್ದ ಒಮ್ಮೆಲೇ ಟೊಳ್ಳಾಗುತ್ತದೆ. ಆಮೇಲೆ ಉಪ್ಪು ವಾಸನೆಯ ಗಾಳಿ ಮುಖಕ್ಕೆ ಹೊಡೆಯುತ್ತದೆ.

ಶಿರಿಯದ ಸೇತುವೆಯ ಮೇಲೆ ಗಾಡಿ ನಿಧಾನವಾಯಿತು. ಕೆಳಗೆ ಸೊಂಟದವರೆಗಿನ ನೀರಿನಲ್ಲಿ ಒಬ್ಬರು ಬೀಸುಬಲೆ ಹಿಡಿದು ನಿಂತಿದ್ದರು. ಬಲೆಯ ಒಂದು ಅಂಚು ಹಲ್ಲಿನಲ್ಲಿ, ಉಳಿದದ್ದು ಮೊಣಕೈಯ ಮೇಲೆ. ಮೈಯನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ಬೀಸಿದರು. ಬಲೆ ಗಾಳಿಯಲ್ಲಿ ದುಂಡಗೆ ಬಿಚ್ಚಿಕೊಂಡಿತು, ಅದರ ಅಂಚಿನಿಂದ ನೀರಿನ ಹನಿಗಳು ಹಾರಿದವು. ಅಷ್ಟರಲ್ಲಿ ಸೇತುವೆ ಮುಗಿದು ತೆಂಗಿನ ತೋಟ ಅಡ್ಡ ಬಂತು. ಬಲೆ ನೀರಿಗೆ ಬಿದ್ದದ್ದು ನನಗೆ ಕಾಣಲೇ ಇಲ್ಲ. ಹೊಳೆಯ ನಡುವೆ ಒಂದು ಸಣ್ಣ ಕುದ್ರು, ಅಂದರೆ ದ್ವೀಪ, ಕೂಡ ಕಂಡಿತು. ನಾಲ್ಕೈದು ತೆಂಗಿನ ಮರ, ಪಕ್ಕದಲ್ಲಿ ಕಟ್ಟಿದ ಒಂದು ದೋಣಿ. 22 ವರ್ಷ ಅದರ ಮೇಲಿಂದಲೇ ಹೋಗಿದ್ದೇನೆ!

ಕುಂಬಳೆಯಲ್ಲಿ ಹತ್ತಿದ ಒಬ್ಬ ಉಮ್ಮ, ವಯಸ್ಸಾದ ಮುಸ್ಲಿಂ ಹೆಂಗಸು, ನನ್ನ ಎದುರು ಕೂತಿದ್ದರು, ಜೊತೆಗೆ ಐದಾರು ವರ್ಷದ ಮೊಮ್ಮಗ. “ಕುಟ್ಟಿಗೆ ಕಿಟಕಿ ಬೇಕಂತೆ, ಸ್ವಲ್ಪ ಜಾಗ ಕೊಡ್ತೀಯಾ ಮೋಳೇ?” ಅಂತ ಕನ್ನಡ, ಮಲಯಾಳ ಸೇರಿಸಿ ಕೇಳಿದರು. 56ಕ್ಕೆ ರಿಟೈರ್ ಆದ ನನ್ನನ್ನು ಮಗಳೇ ಅಂದರು. ಕೂಡಲೇ ಜರುಗಿ ಕೂತೆ. ಹುಡುಗ ಪ್ರತಿ ಸೇತುವೆಗೂ “ಇದು ಸಮುದ್ರವಾ?” ಅಂತ ಕೇಳುತ್ತಿದ್ದ. ಉಮ್ಮ ‘ಪುಳ’ ಅಂದರು. ಆಚೆ ಸೀಟಿನ ಅಕ್ಕ ತುಳುವಿನಲ್ಲಿ ‘ಸುದೆ’ ಅಂದರು. ನಾನು ‘ಹೊಳೆ’ ಅಂದೆ. ಮುಂದಿನ ಸೇತುವೆ ಬಂದಾಗ ಅವನು ಕಂಬಿ ಹಿಡಿದುಕೊಂಡು “ಪುಳ, ಸುದೆ, ಹೊಳೆ!” ಅಂತ ಕೂಗಿದ. ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಅಂತ ಶಾಲೆಯ ವಾರ್ಷಿಕೋತ್ಸವದ ಭಾಷಣಗಳಲ್ಲಿ ನಾನೇ ಎಷ್ಟು ಸಲ ಹೇಳಿದ್ದೇನೆ. ಆ ಮಾತಿನ ಅರ್ಥ ಅವತ್ತು ಆ ಹುಡುಗನ ಬಾಯಲ್ಲಿ ಕೇಳಿದೆ.

ಮನೆಯಿಂದ ನೀರುದೋಸೆ ತಂದಿದ್ದೆ, ಬಾಳೆ ಎಲೆಯಲ್ಲಿ ಸುತ್ತಿ, ಒಳಗೆ ಕಾಯಿತುರಿ, ಬೆಲ್ಲ. ಬಾಡಿದ ಎಲೆಯ ಪರಿಮಳ ದೋಸೆಗೆ ಹತ್ತಿತ್ತು. ಉಮ್ಮನಿಗೆ ಎರಡು, ಹುಡುಗನಿಗೆ ಒಂದು ಕೊಟ್ಟೆ. ಅವರು ಉಪ್ಪಳದಲ್ಲಿ ಇಳಿದರು. ಹುಡುಗ ಪ್ಲಾಟ್‌ಫಾರ್ಮಿನಿಂದ ಕೈ ಬೀಸಿದ, ಬೆರಳಿನಲ್ಲಿ ಇನ್ನೂ ಬೆಲ್ಲ.

ಆಮೇಲೆ ಮಂಜೇಶ್ವರ. ಗಾಡಿ ನಿಧಾನವಾಗುತ್ತಿದ್ದ ಹಾಗೆ ನಾನು ಎದ್ದು ನಿಂತಿದ್ದೆ. ಚೀಲವೂ ಹೆಗಲಿಗೆ ಬಂದಾಗಿತ್ತು. ಅಭ್ಯಾಸ ಅಂದರೆ ಹಾಗೆ. ನೆನಪಾಗಿ ಮತ್ತೆ ಕೂತೆ. ದಿನಾ ಜೊತೆಗೆ ಬರುತ್ತಿದ್ದ ಒಬ್ಬರು ಬಾಗಿಲ ಹತ್ತಿರದಿಂದ ನೋಡಿದರು.

“ಟೀಚರೇ, ಇಳಿಯುವುದಿಲ್ವಾ?”

“ಇಲ್ಲ, ಇವತ್ತು ಮಂಗಳೂರಿಗೆ.”

“ಅಯ್ಯೋ, ಆಸ್ಪತ್ರೆಗಾ? ಯಾರಿಗೆ ಹುಷಾರಿಲ್ಲ?”

“ಯಾರಿಗೂ ಏನಿಲ್ಲ. ಸುಮ್ನೆ ಹೋಗುವುದು.”

ಅವರು ಒಂದು ಕ್ಷಣ ನೋಡಿ, ನಕ್ಕು, “ಒಳ್ಳೆದಾಯ್ತು ಟೀಚರೇ” ಅಂತ ಇಳಿದು ಹೋದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆ ಮಂಗಳೂರು ಅಂದರೆ ಮೊದಲು ನೆನಪಾಗುವುದು ಆಸ್ಪತ್ರೆ. ಬೋಗಿಯಲ್ಲಿ ಎಕ್ಸ್‌ರೇಯ ದೊಡ್ಡ ಕವರ್ ಹಿಡಿದವರು ಯಾವತ್ತೂ ಇರುತ್ತಾರೆ. ಅವತ್ತೂ ಇದ್ದರು. ಹೀಗೆ ಸುಮ್ನೆ ಹೋಗಲು ಸಾಧ್ಯವಾಗುವುದು ಎಷ್ಟು ದೊಡ್ಡ ಭಾಗ್ಯ ಅಂತ ಅವರನ್ನು ನೋಡಿದಾಗ ಅನ್ನಿಸಿತು.

ಗಾಡಿ ಹೊರಡುವವರೆಗೆ ಮಂಜೇಶ್ವರದ ಬೋರ್ಡನ್ನೇ ನೋಡುತ್ತಾ ಕೂತೆ. ರಾಷ್ಟ್ರಕವಿ ಗೋವಿಂದ ಪೈ ಅವರ ಊರು. ಅವರ ಮನೆ ಈಗ ಸ್ಮಾರಕ, ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಅಲ್ಲಿಂದ ಮುಂದೆ ಎಲ್ಲೋ ಕೇರಳ ಮುಗಿದು ಕರ್ನಾಟಕ ಶುರುವಾಗುತ್ತದೆ. ಹೆದ್ದಾರಿಯಲ್ಲಾದರೆ ತಲಪಾಡಿಯಲ್ಲಿ ಗಡಿ ಗೊತ್ತಾಗುತ್ತದೆ. ಗಾಡಿಯಲ್ಲಿ ಕೂತವರಿಗೆ ಅದೇ ತೆಂಗು, ಅದೇ ಕೆಂಪು ಮಣ್ಣು, ಅದೇ ಹಂಚಿನ ಮಾಡು. ಎಲ್ಲಿ ದಾಟಿದೆವು ಅಂತ ಕಣ್ಣು ಬಿಟ್ಟು ನೋಡಿದೆ, ಸಿಗಲಿಲ್ಲ.

ನೇತ್ರಾವತಿಯನ್ನು ನೀವೇ ನೋಡಬೇಕು. ಅಷ್ಟು ಅಗಲದ ನೀರು, ಆಚೆ ಅಳಿವೆಯ ಬೆಳಕು. ಬೋಗಿಯಲ್ಲಿ ಮೊಬೈಲ್ ನೋಡುತ್ತಿದ್ದವರು ಕೂಡ ತಲೆ ಎತ್ತಿದರು.

ಮಂಗಳೂರಿನಲ್ಲಿ ಹೆಚ್ಚೇನೂ ಮಾಡಲಿಲ್ಲ. ಹಂಪನಕಟ್ಟೆಯವರೆಗೆ ನಡೆದೆ. ಒಂದು ಹೋಟೆಲಿನಲ್ಲಿ ಸಜ್ಜಿಗೆ ಬಜಿಲ್ ತಿಂದು, ಚಾ ಕುಡಿದು, ಸಂಜೆಯ ಗಾಡಿಗೆ ಬಂದೆ. ಬರುವಾಗ ಬಲಗಡೆ ಕೂರಬೇಕು. ಸೂರ್ಯ ಇಳಿಯುವುದು ಆ ಕಡೆ.

ಕೊರತೆಯೂ ಇದೆ. ದಾರಿಯ ಒಂದು ಸ್ಟೇಷನ್ನಿನಲ್ಲಿ ನೀರಿನ ನಳ್ಳಿ ತಿರುಗಿಸಿದೆ, ಒಂದು ಹನಿ ಬರಲಿಲ್ಲ. ವಯಸ್ಸಾದವರು ಬಾಟಲಿ ಹಿಡಿದು ನಿಂತದ್ದು ನೋಡಿ ಬೇಸರವಾಯಿತು. ನೀರು ಮನೆಯಿಂದಲೇ ತನ್ನಿ. ಸಂಜೆ ಗಾಡಿ ತುಂಬುತ್ತದೆ, ಸೀಟು ಬೇಕಾದರೆ ಬೇಗ ಬನ್ನಿ. ಒಬ್ಬರೇ ಹೋಗುವ ಹೆಂಗಸರು ರೈಲ್ವೆ ಸಹಾಯವಾಣಿಯ 139 ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ನನಗೆ ಅದರ ಅಗತ್ಯ ಬೀಳಲಿಲ್ಲ.

ವಂದೇ ಭಾರತ್ ಇಲ್ವಾ ಅಂತ ಅಣ್ಣನ ಮಗ ಕೇಳಿದ. ಇದೆ, 2023ರ ಏಪ್ರಿಲಿನಲ್ಲಿ ಕಾಸರಗೋಡಿಗೆ ಬಂತು. ತಿರುವನಂತಪುರಕ್ಕೆ ನಾನೂ ಅದರಲ್ಲಿ ಹೋಗಿದ್ದೇನೆ, ದೂರಕ್ಕೆ ಬಹಳ ಒಳ್ಳೆಯ ಗಾಡಿ. ಆದರೆ ಹೊಳೆಯ ಗಾಳಿ ಬೇಕಾದರೆ ಕಿಟಕಿ ತೆರೆಯಬೇಕು. ಅದಕ್ಕೆ ಈ ಪ್ಯಾಸೆಂಜರೇ ಆಗಬೇಕು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ನಳ್ಳಿಗೆ.

ಮುಂದಿನ ತಿಂಗಳು ದಕ್ಷಿಣಕ್ಕೆ ಹೋಗುತ್ತೇನೆ. ಚಂದ್ರಗಿರಿ ಹೊಳೆ, ಕಳನಾಡಿನ ಸುರಂಗ, ಬೇಕಲ, ಆಮೇಲೆ ನೀಲೇಶ್ವರ. ಹೋಗುವಾಗ ಬಲಗಡೆ.