ಸ್ಟ್ಯಾಟ್ಸ್‌ಗುರು: ಕ್ರಿಕೆಟ್ ಜಗಳಕ್ಕೆ ಬೇಕಾದ ಲೆಕ್ಕದ ಪುಸ್ತಕ

ನಮ್ಮ ಮನೆಯಲ್ಲಿ ಕ್ರಿಕೆಟ್ ನೋಡುವುದಕ್ಕಿಂತ ಕ್ರಿಕೆಟ್ ಬಗ್ಗೆ ಜಗಳ ಆಡುವುದೇ ಜಾಸ್ತಿ. ಮ್ಯಾಚ್ ಮುಗಿದು ಟಿವಿ ಆರಿಸಿದ ಮೇಲೆ ನಮ್ಮದು ಶುರು. ಒಂದು ಕಡೆ ನನ್ನ ಸೋದರಮಾವ. 1974ರಲ್ಲಿ ಬೆಂಗಳೂರಿನ ಮೊಟ್ಟಮೊದಲ ಟೆಸ್ಟ್ ನಡೆದಾಗ ಸ್ಟೇಡಿಯಂನಲ್ಲಿ ಕೂತು ನೋಡಿದವರು. ವೆಸ್ಟ್ ಇಂಡೀಸಿನ ಗ್ರೀನಿಜ್, ರಿಚರ್ಡ್ಸ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಹಾಗಾಗಿ ಅವರ ಮಾತಿಗೆ ಮನೆಯಲ್ಲಿ ತೂಕ ಇದೆ. ಇನ್ನೊಂದು ಕಡೆ ಮಸ್ಕತ್‌ನಲ್ಲಿರುವ ನನ್ನ ತಮ್ಮ. ಅವನ ಬತ್ತಳಿಕೆ ತುಂಬಾ ವಾಟ್ಸ್ಆ್ಯಪ್ ಫಾರ್ವರ್ಡ್. ನಡುವೆ ನಾನು, ತುಮಕೂರಿನಲ್ಲಿ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುವವಳು. ಯಾರಾದರೂ ಎಲ್ಲಿಂದಲೋ ಒಂದು ಸರಾಸರಿ ತಂದು ಎಸೆದರೆ ನನ್ನ ಬಾಯಿಗೆ ಬರುವುದು ಒಂದೇ ಮಾತು: ಬಿಲ್ ಎಲ್ಲಿ?

ಆ ಬಿಲ್ ಸಿಗುವ ಜಾಗ ಸ್ಟ್ಯಾಟ್ಸ್‌ಗುರು. ಇಎಸ್‌ಪಿಎನ್ ಕ್ರಿಕ್‌ಇನ್ಫೊ ವೆಬ್‌ಸೈಟಿನ ಒಳಗೇ ಇದೆ, ದುಡ್ಡು ಕೊಡಬೇಕಿಲ್ಲ. ಕ್ರಿಕ್‌ಇನ್ಫೊ ಹುಟ್ಟಿದ್ದು 1993ರಲ್ಲಿ, ಅದೂ ಕ್ರಿಕೆಟ್ ಗಾಳಿಯೂ ಬೀಸದ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಸೈಮನ್ ಕಿಂಗ್ ಎಂಬ ಸಂಶೋಧಕ ಶುರು ಮಾಡಿದ್ದು. ಊರು ಬಿಟ್ಟು ಹೋಗಿ ಸ್ಕೋರ್ ಗೊತ್ತಾಗದೆ ಒದ್ದಾಡುತ್ತಿದ್ದ ವಿದ್ಯಾರ್ಥಿಗಳು ಕೈ ಜೋಡಿಸಿದರು. ಸ್ಟ್ಯಾಟ್ಸ್‌ಗುರು ಆಮೇಲೆ ಬಂತು. ಟ್ರಾವಿಸ್ ಬಸೇವಿ ಎಂಬ ಪ್ರೋಗ್ರಾಮರ್ ಕಟ್ಟಿದ್ದು. 1877ರ ಮೊದಲ ಟೆಸ್ಟಿನಿಂದ ಹಿಡಿದು ಇವತ್ತಿನವರೆಗಿನ ಅಂತರರಾಷ್ಟ್ರೀಯ ಪಂದ್ಯಗಳನ್ನೆಲ್ಲ ಬೇಕಾದ ಹಾಗೆ ಸೋಸಿ ಕೊಡುತ್ತದೆ.

ನೋಡುವುದಕ್ಕೆ ಮಾತ್ರ ಏನೂ ಚೆಂದ ಇಲ್ಲ. ತೆರೆದರೆ ಸರ್ಕಾರಿ ಅರ್ಜಿಯಷ್ಟು ಉದ್ದದ ಫಾರಂ. ಯಾವ ತಂಡ, ಯಾರ ಎದುರು, ಯಾವ ದೇಶದಲ್ಲಿ, ಯಾವ ದಿನದಿಂದ ಯಾವ ದಿನಕ್ಕೆ, ಗೆದ್ದದ್ದೋ ಸೋತದ್ದೋ, ನಾಯಕನಾಗಿದ್ದಾಗಲೋ ಅಲ್ಲವೋ. ಸಣ್ಣ ಸಣ್ಣ ಚೌಕಗಳಿಗೆ ಟಿಕ್ ಹಾಕುತ್ತಾ ಹೋಗಬೇಕು. ನನಗಂತೂ ಹಿತವಾಗಿಯೇ ಇತ್ತು, ದಿನಾ ಇಂಥದ್ದನ್ನೇ ತುಂಬುತ್ತೇನಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುವುದಕ್ಕೆ ಕುಂಬ್ಳೆ ಜಗಳಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ತಮ್ಮ ಒಂದು ರಾತ್ರಿ ಮನೆಯ ಗ್ರೂಪಿಗೆ ಹಾಕಿದ: "ಕುಂಬ್ಳೆ ಮನೇಲಿ ಹುಲಿ, ಬೀದೀಲಿ ಇಲಿ." ಮಾವನಿಗೆ ಕೆಂಡಾಮಂಡಲ ಸಿಟ್ಟು. ಟೈಪ್ ಮಾಡುವಷ್ಟು ತಾಳ್ಮೆ ಅವರಿಗಿಲ್ಲ, ನೇರ ನನಗೆ ಫೋನ್. "ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದು ಲಾರಾನ ಔಟ್ ಮಾಡಿದವನಮ್ಮ ಅವನು! ಅದೇನು ಮನೆ ಅಂಗಳದಲ್ಲಾ? ಆಂಟಿಗುವಾದಲ್ಲಿ!" ನಾನು ಲ್ಯಾಪ್‌ಟಾಪ್ ತೆಗೆದೆ.

ಕುಂಬ್ಳೆ ಹೆಸರು ಹಾಕಿ, ಬೌಲಿಂಗ್ ಆರಿಸಿ, ಒಟ್ಟು ಲೆಕ್ಕ ಕೇಳಿದರೆ 132 ಟೆಸ್ಟ್, 619 ವಿಕೆಟ್. ಅದರ ಕೆಳಗೇ ತವರು ಬೇರೆ, ಹೊರಗಿನದು ಬೇರೆ. ತವರಿನಲ್ಲಿ 63 ಟೆಸ್ಟ್‌ಗೆ 350 ವಿಕೆಟ್, ಸರಾಸರಿ, ಅಂದರೆ ಒಂದು ವಿಕೆಟ್‌ಗೆ ಕೊಟ್ಟ ರನ್, 24.88. ಹೊರಗೆ 69 ಟೆಸ್ಟ್‌ಗೆ 269, ಸರಾಸರಿ 35.85. ಸ್ಕ್ರೀನ್‌ಶಾಟ್ ಹಾಕಿದೆ. ತಮ್ಮ ಕುಣಿದಾಡಿದ. "ನೋಡಿದ್ಯಾ ಅಕ್ಕ, ಫಾರ್ವರ್ಡ್ ಅಂತ ಬೈತಿದ್ದೆ!"

ಜಗಳ ಅಲ್ಲಿಗೆ ನಿಲ್ಲಬಹುದಿತ್ತು. ಟಿವಿ ಚರ್ಚೆಗಳು ನಿಲ್ಲುವುದೂ ಅಲ್ಲೇ. ಪರದೆ ಮೇಲೆ ಎರಡು ಸಂಖ್ಯೆ, ನಾಲ್ಕು ಜನರ ಕೂಗಾಟ, ಆಮೇಲೆ ಜಾಹೀರಾತು. ಆದರೆ ಇಲ್ಲಿ ಇನ್ನೊಂದು ಟಿಕ್ ಹಾಕಬಹುದು. ನಾನು ಆಸ್ಟ್ರೇಲಿಯಾಕ್ಕೆ ಟಿಕ್ ಹಾಕಿ, ಸರಣಿವಾರು ತೋರಿಸು ಅಂದೆ. ಮೂರು ಸಾಲು ಬಂತು. 1999–2000ರಲ್ಲಿ 3 ಟೆಸ್ಟ್, 5 ವಿಕೆಟ್, ಒಂದೊಂದಕ್ಕೆ 90 ರನ್. 2003–04ರಲ್ಲಿ ಅದೇ 3 ಟೆಸ್ಟ್, 24 ವಿಕೆಟ್. 2007–08ರಲ್ಲಿ 4 ಟೆಸ್ಟ್, 20 ವಿಕೆಟ್. ಅದೇ ಬೌಲರ್, ಅದೇ ದೇಶ, ಎದುರಿಗೆ ಅದೇ ಆಸ್ಟ್ರೇಲಿಯಾ. 5 ಎಲ್ಲಿ, 24 ಎಲ್ಲಿ?

ಈಗ ಮಾತಿನ ದಾರಿಯೇ ಬೇರೆಯಾಯಿತು. ಕುಂಬ್ಳೆ ಹೊರಗೆ ಚೆನ್ನಾಗಿ ಹಾಕುತ್ತಿದ್ದರೋ ಇಲ್ಲವೋ ಅನ್ನುವುದು ಬಿಟ್ಟು, ಯಾವಾಗಿನಿಂದ ಚೆನ್ನಾಗಿ ಹಾಕಿದರು ಅನ್ನುವುದು ಶುರುವಾಯಿತು. ನಡುವೆ ಅವರಿಗೆ ಭುಜದ ಆಪರೇಷನ್ ಆಗಿತ್ತು. ವಾಪಸ್ ಬಂದ ಮೇಲೆ ವೇಗ ಇಳಿಸಿ, ಗೂಗ್ಲಿ ಜಾಸ್ತಿ ಮಾಡಿದರು ಎನ್ನುವುದು ಮಾವನ ವಾದ. ಭಾರತದ ಬ್ಯಾಟ್ಸ್‌ಮನ್‌ಗಳು ಆ ಸಲ ರಾಶಿ ರಾಶಿ ರನ್ ಹೊಡೆದು ಕೊಟ್ಟಿದ್ದಕ್ಕೆ ವಿಕೆಟ್ ಬಿತ್ತು ಎನ್ನುವುದು ತಮ್ಮನ ವಾದ. ಎರಡೂ ಕೇಳುವ ಹಾಗಿದ್ದವು. ಹುಲಿ, ಇಲಿ ಮರೆತೇ ಹೋಯಿತು. ನನ್ನ ದೃಷ್ಟಿಯಲ್ಲಿ ಸ್ಟ್ಯಾಟ್ಸ್‌ಗುರುವಿನ ದೊಡ್ಡ ಗುಣ ಇದೇ. ಅದು ಜಗಳ ಬಿಡಿಸುವುದಿಲ್ಲ. ನೀನು ಕೇಳುತ್ತಿರುವುದು ಏನು ಅಂತ ಸರಿಯಾಗಿ ಹೇಳು ಅನ್ನುತ್ತದೆ.

ಮಾವ ಹೇಳಿದ ಆಂಟಿಗುವಾ ಮ್ಯಾಚನ್ನೂ ಹುಡುಕಿದೆ. 2002ರ ಮೇ. ಪಟ್ಟಿಯಲ್ಲಿ ಇರುವುದು ಒಂದು ಸಾಲು: 14 ಓವರ್, 5 ಮೇಡನ್ (ಒಂದು ರನ್ನೂ ಕೊಡದ ಓವರ್), 29 ರನ್, 1 ವಿಕೆಟ್. ದವಡೆಗೆ ಒಂದು ಕಾಲಂ ಇಲ್ಲ. ಓದಿ ಹೇಳಿದಾಗ ಮಾವ "ಐದು ಮೇಡನ್ ಬೇರೆ ಇತ್ತಾ? ಅದು ಗೊತ್ತೇ ಇರಲಿಲ್ಲ" ಅಂದರು. ಐವತ್ತು ವರ್ಷ ಕ್ರಿಕೆಟ್ ನೋಡಿದವರಿಗೂ ಹೊಸದೊಂದು ಸಿಕ್ಕಿತಲ್ಲ.

ಹೊಸಬರು ಎಡವುವ ಜಾಗಗಳೂ ಇವೆ. ಟೆಸ್ಟ್ ಬ್ಯಾಟಿಂಗ್ ಸರಾಸರಿಯ ಪಟ್ಟಿ ಕೇಳಿ ನೋಡಿ. ಮೊದಲ ಹೆಸರು ಬ್ರಾಡ್ಮನ್ ಅಂತ ಕಾಯುತ್ತೀರಿ. ಬರುವುದು ಆಸ್ಟ್ರೇಲಿಯಾದ ಕರ್ಟಿಸ್ ಪ್ಯಾಟರ್ಸನ್, 144! ಆತ ಆಡಿದ್ದು 2 ಟೆಸ್ಟ್, ಔಟಾದದ್ದು ಒಂದೇ ಸಲ. ಆಮೇಲೆ ವೆಸ್ಟ್ ಇಂಡೀಸಿನ ಆಂಡಿ ಗ್ಯಾಂಟೋಮ್, 112. 1948ರಲ್ಲಿ ಒಂದು ಇನಿಂಗ್ಸ್ ಆಡಿ ಶತಕ ಹೊಡೆದರು, ಮತ್ತೆ ಅವರನ್ನು ಟೆಸ್ಟ್‌ಗೆ ಕರೆಯಲೇ ಇಲ್ಲ. ಇವರಾದ ಮೇಲೆ ಬ್ರಾಡ್ಮನ್, 99.94. ಕನಿಷ್ಠ 20 ಇನಿಂಗ್ಸ್ ಅಂತ ಒಂದು ಷರತ್ತು ಹಾಕಿದರೆ ಪಟ್ಟಿ ದಾರಿಗೆ ಬರುತ್ತದೆ. ಫಾರ್ವರ್ಡ್ ಮಾಡುವವರು ಈ ಷರತ್ತಿನ ಜಾಗದಲ್ಲೇ ಆಟ ಆಡುವುದು. ತಮಗೆ ಬೇಕಾದ ಹೆಸರು ಮೇಲೆ ಬರುವವರೆಗೆ 20, 30, 50 ಅಂತ ಬದಲಾಯಿಸುತ್ತಾ ಕೂರುತ್ತಾರೆ.

2019ರ ವಿಶ್ವಕಪ್ ಫೈನಲ್ ಇನ್ನೊಂದು. ಸೂಪರ್ ಓವರೂ ಸಮ ಆಗಿ, ಬೌಂಡರಿ ಎಣಿಸಿ ಇಂಗ್ಲೆಂಡಿಗೆ ಕಪ್ ಕೊಟ್ಟರಲ್ಲ, 26ಕ್ಕೆ 17 ಅಂತ. ದಾಖಲೆಯಲ್ಲಿ ಆ ಮ್ಯಾಚ್ ಟೈ. ನ್ಯೂಜಿಲೆಂಡ್ ಸೋತ ಪಂದ್ಯಗಳು ಅಂತ ಹುಡುಕಿದರೆ ಅದು ಸಿಗುವುದಿಲ್ಲ.

ದ್ರಾವಿಡ್ ವಿಷಯದಲ್ಲೂ ಹೀಗೇ ಒಂದು ಸಣ್ಣ ಮೋಜು. ಒಟ್ಟು ಲೆಕ್ಕ 164 ಟೆಸ್ಟ್, 13,288 ರನ್. ಭಾರತಕ್ಕೆ ಆಡಿದ್ದು ಮಾತ್ರ ಅಂತ ಟಿಕ್ ಹಾಕಿದರೆ 163 ಟೆಸ್ಟ್, 13,265. ಉಳಿದ 23 ರನ್ ಎಲ್ಲಿ ಹೋಯಿತು? 2005ರಲ್ಲಿ ಸಿಡ್ನಿಯಲ್ಲಿ ಐಸಿಸಿ ವಿಶ್ವ ಇಲೆವೆನ್ ಪರ ಆಡಿದ ಟೆಸ್ಟಿನದು. 0 ಮತ್ತು 23. ಎರಡು ಸಂಖ್ಯೆ ಹಿಡಿದುಕೊಂಡು ಜನ ಕಿತ್ತಾಡುವುದನ್ನು ನೋಡಿದ್ದೇನೆ. ಎರಡೂ ಸರಿಯೇ.

ಎಲ್ಲಕ್ಕಿಂತ ನನಗೆ ಇಷ್ಟವಾದ ಉತ್ತರ ಯಾವುದು ಗೊತ್ತಾ? ಖಾಲಿ ಪುಟ. ಗುಂಡಪ್ಪ ವಿಶ್ವನಾಥ್ ಶತಕ ಹೊಡೆದು, ಭಾರತ ಸೋತ ಟೆಸ್ಟ್‌ಗಳನ್ನು ತೋರಿಸು ಅಂತ ಕೇಳಿದೆ. ದಾಖಲೆ ಯಾವುದೂ ಇಲ್ಲ ಎನ್ನುವ ಒಂದು ಸಾಲು ಬಂತು. 14 ಶತಕ, ಒಂದರಲ್ಲೂ ಸೋಲಿಲ್ಲ. ಮಾವ ಇದನ್ನು ಎಷ್ಟೋ ವರ್ಷದಿಂದ ಹೇಳುತ್ತಿದ್ದರು, ನಾವು ಸುಮ್ನೆ ತಲೆ ಆಡಿಸುತ್ತಿದ್ದೆವು. ಒಂದು ಎಚ್ಚರಿಕೆ: ಹೆಸರು ಹುಡುಕುವಾಗ ಸದಾನಂದ ವಿಶ್ವನಾಥ್ ಕೂಡ ಬರುತ್ತಾರೆ, ಅವರೂ ನಮ್ಮವರೇ, ಆದರೆ ವಿಕೆಟ್ ಕೀಪರ್. ಜಿ.ಆರ್. ನೋಡಿ ಒತ್ತಿ.

ಹೆಣ್ಣುಮಕ್ಕಳ ಕ್ರಿಕೆಟ್ಟಿಗೆ ಬೇರೆ ವಿಭಾಗ ಇದೆ. ಫಾರಂ ಅದೇ, ಫಿಲ್ಟರ್‌ಗಳೂ ಅವೇ. ನಮ್ಮಲ್ಲಿ ಎಷ್ಟು ಜನ ಅಲ್ಲಿಗೆ ಹೋಗುತ್ತಾರೋ. ಶಾಂತಾ ರಂಗಸ್ವಾಮಿ 1977ರಲ್ಲಿ ಡ್ಯುನೆಡಿನ್‌ನಲ್ಲಿ ಹೊಡೆದ 108, ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ, ಅಲ್ಲಿದೆ. ಅವರಿಗೆ ಸಿಕ್ಕಿದ್ದು ಒಟ್ಟು 16 ಟೆಸ್ಟ್. 2017ರ ವಿಶ್ವಕಪ್ಪಿನಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತರು. ಎದುರಾಳಿ 79ಕ್ಕೆ ಆಲೌಟ್. ಅದೇ ಮ್ಯಾಚಿನಲ್ಲಿ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70. ಒಂದೇ ಸ್ಕೋರ್‌ಕಾರ್ಡಿನಲ್ಲಿ ವಿಜಯಪುರ, ಕಡೂರು ಎರಡೂ. ನಮ್ಮ ಮನೆಯ ಗಂಡಸರ ಜಗಳದಲ್ಲಿ ಈ ಮ್ಯಾಚ್ ಒಮ್ಮೆಯೂ ಬಂದಿರಲಿಲ್ಲ. ನಾನೇ ತಂದು ಹಾಕಿದೆ.

ಕೊರತೆ ಇಲ್ಲವೇ? ಇದೆ. ರಣಜಿ ಲೆಕ್ಕವನ್ನು ಹೀಗೆ ಸೋಸಿ ನೋಡಲು ಆಗುವುದಿಲ್ಲ, ಇದು ಇರುವುದು ಅಂತರರಾಷ್ಟ್ರೀಯ ಪಂದ್ಯಗಳಿಗೆ. ಕನ್ನಡದಲ್ಲಿ ಇಲ್ಲ, ಹಾಗಾಗಿ ಮಾವನಿಗೆ ನಾನೇ ಗುಮಾಸ್ತೆ. ಫೋನಿನ ಪುಟ್ಟ ಪರದೆಗೆ ಆ ಉದ್ದದ ಫಾರಂ ಒಗ್ಗುವುದಿಲ್ಲ. ಲ್ಯಾಪ್‌ಟಾಪ್ ಇದ್ದರೆ ಅದರಲ್ಲೇ ನೋಡಿ, ಇಲ್ಲದಿದ್ದರೆ ಬ್ರೌಸರಿನಲ್ಲಿ ಡೆಸ್ಕ್‌ಟಾಪ್ ಸೈಟ್ ಅಂತ ಆರಿಸಿ, ಫೋನ್ ಅಡ್ಡ ಹಿಡಿಯಿರಿ. ಉತ್ತರ ಬಂದ ಪುಟದ ಲಿಂಕನ್ನೇ ಕಳಿಸಬಹುದು, ಹಾಕಿದ ಷರತ್ತುಗಳೆಲ್ಲ ಅದರಲ್ಲಿ ಇರುತ್ತವೆ. ಸ್ಕ್ರೀನ್‌ಶಾಟಿಗಿಂತ ಅದು ಮೇಲು. ಎದುರಿನವರು ತೆರೆದು ತಾವೇ ಬೇರೆ ಟಿಕ್ ಹಾಕಿ ನೋಡಬಹುದಲ್ವಾ?

ಶುರು ಮಾಡುವವರಿಗೆ ಒಂದು ಸುಲಭದ ಪ್ರಶ್ನೆ ಕೊಡುತ್ತೇನೆ. ಕೆ.ಎಲ್. ರಾಹುಲ್ ಶತಕಗಳನ್ನು ತವರು, ಹೊರಗೆ ಅಂತ ಬೇರೆ ಮಾಡಿ. 2025ರ ಇಂಗ್ಲೆಂಡ್ ಸರಣಿ ಮುಗಿದಾಗ 10 ಶತಕ ಇತ್ತು. 9 ಹೊರಗಿನವು. ತವರಿನದು ಆಗ ಒಂದೇ, 2016ರ ಚೆನ್ನೈನ 199. ನಮ್ಮ ಕರ್ನಾಟಕದ ಕರುಣ್ ನಾಯರ್ 303 ಹೊಡೆದ ಮ್ಯಾಚೂ ಅದೇ ಆಗಿದ್ದರಿಂದ ಆ 199 ಯಾರಿಗೂ ನೆನಪಿಲ್ಲ.

ಅದು ಮುಗಿದರೆ ಫೀಲ್ಡಿಂಗ್ ವಿಭಾಗಕ್ಕೂ ಹೋಗಿ. ಟೆಸ್ಟ್‌ನಲ್ಲಿ ಕೀಪರ್‌ಗಳನ್ನು ಬಿಟ್ಟರೆ ಹೆಚ್ಚು ಕ್ಯಾಚ್ ಹಿಡಿದವರು ದ್ರಾವಿಡ್, 210, ಅಂತ ಮಾವ ಈಗಲೂ ಹೇಳುತ್ತಿದ್ದರು. ಪಟ್ಟಿ ತೆರೆದರೆ ಮೇಲೆ ಜೋ ರೂಟ್. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ 211ನೇ ಕ್ಯಾಚ್ ಹಿಡಿದಿದ್ದಾರೆ. ಯಾರದ್ದು ಅಂತ ಆ ಟೆಸ್ಟಿನ ಸ್ಕೋರ್‌ಕಾರ್ಡ್ ತೆಗೆದೆ. ಕರುಣ್ ನಾಯರ್, ಕ್ಯಾಚ್ ರೂಟ್, ಬೌಲ್ಡ್ ಸ್ಟೋಕ್ಸ್, 40. ಮಾವನಿಗೆ ಓದಿ ಹೇಳಿದೆ.

"ದ್ರಾವಿಡ್ ದಾಖಲೆ ಮುರಿಯೋಕೆ ಅವನಿಗೆ ನಮ್ಮ ಹುಡುಗನೇ ಸಿಗಬೇಕಿತ್ತೇನಮ್ಮ?" ಅಂದರು.