1965-66ರ ಮಸ್ಟಾಂಗ್‌ನ ಮುಂದಿನ ಸಸ್ಪೆನ್ಷನ್: ರಬ್ಬರೋ, ಪಾಲಿಯೋ, ಬೇರಿಂಗೋ?

ಫೋರ್ಡ್‌ನ ಮಸ್ಟಾಂಗ್ ಮಸಲ್ ಕಾರೇ (ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರು) ಅಲ್ಲ, ಪೋನಿ ಕಾರು (ಚಿಕ್ಕ ಸ್ಪೋರ್ಟಿ ಕಾರು) ಎಂದು ತಕರಾರು ತೆಗೆಯುವವರು ಇದ್ದೇ ಇರುತ್ತಾರೆ. ಅದು ಹಾಗಿರಲಿ. 289 ಕ್ಯೂಬಿಕ್ ಇಂಚಿನ ವಿ8 ಎಂಜಿನ್ನಿನ 1965-66ರ ಮಸ್ಟಾಂಗ್‌ನ ಮುಂಭಾಗ ಬಿಚ್ಚಿದರೆ, ತಿರುಗಿ ಕಟ್ಟುವಾಗ ಎದುರಾಗುವ ಪ್ರಶ್ನೆ ಇದು: ಕಂಪನಿಯಿಂದ ಬಂದಂತೆ ರಬ್ಬರ್ ಬುಷ್ (ಅಲುಗುವ ಜಾಯಿಂಟಿನೊಳಗೆ ಕೂರುವ ಉಂಗುರ) ಹಾಕುವುದೋ, ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ (ಪಾಲಿ) ಹಾಕುವುದೋ, ಬೇರಿಂಗ್ ಇರುವ ಭಾಗಗಳಿಗೆ ಹೋಗುವುದೋ? ಮೂರನ್ನೂ ಹಾಕಿ, ಓಡಿಸಿ, ಮತ್ತೆ ಬಿಚ್ಚಿ ನೋಡಿದ ಮೇಲೆ ಹೇಳಬಹುದಾದ್ದು ಇಷ್ಟು: ಎಲ್ಲ ಜಾಗಕ್ಕೂ ಒಂದೇ ಜಾತಿಯ ಬುಷ್ ಇರುವ ಕಿಟ್ ಕೊಳ್ಳಬೇಡಿ. ಯಾವ ಜಾಯಿಂಟು ಯಾವ ಕಡೆಗೆ ಅಲುಗಬೇಕು ಎಂದು ನೋಡಿ, ಒಂದೊಂದಕ್ಕೂ ಬೇರೆ ಬೇರೆ ಆರಿಸಬೇಕು.

ಮೊದಲು ಸ್ಪ್ರಿಂಗ್ ಪರ್ಚ್. ಚಕ್ರವನ್ನು ಹಿಡಿದು ಏರಿಳಿಯುವ ಕೈಗಳೇ ಆರ್ಮ್‌ಗಳು, ಮೇಲೊಂದು ಕೆಳಗೊಂದು. ಶೆವರ್ಲೆ ಕ್ಯಾಮರೋದಲ್ಲಿ ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತರೆ, ಇಲ್ಲಿ ಮೇಲಿನ ಆರ್ಮ್ ಮೇಲೆ, ತೊಟ್ಟಿಲಿನಂಥ ಒಂದು ಪರ್ಚಿನಲ್ಲಿ ಕೂರುತ್ತದೆ. ಚಕ್ರ ಏರಿಳಿದಾಗಲೆಲ್ಲ ಪರ್ಚು ತನ್ನ ಶಾಫ್ಟಿನ ಮೇಲೆ ಓಲಾಡಬೇಕು. ಕಂಪನಿ ಪರ್ಚಿನಲ್ಲಿ ಈ ಓಲಾಟಕ್ಕೆಲ್ಲ ರಬ್ಬರ್ ತಿರುಚಿಕೊಳ್ಳಬೇಕು. ಹೊಸ ರಬ್ಬರ್ ಪರ್ಚನ್ನು ಬೆಂಚ್ ವೈಸಿಗೆ ಕಚ್ಚಿಸಿ ಎರಡು ಕೈಯಿಂದ ತಿರುಗಿಸಿ ನೋಡಿ: ತುಸು ಮಣಿದು, ಬಿಟ್ಟೊಡನೆ ವಾಪಸ್ ಬರುತ್ತದೆ. ಅಂದರೆ ಕಾಯಿಲ್ ಸ್ಪ್ರಿಂಗಿನ ಜೊತೆಗೆ, ಲೆಕ್ಕಕ್ಕೆ ಸಿಗದ ಇನ್ನೊಂದು ಸ್ಪ್ರಿಂಗ್ ಕೂತ ಹಾಗಾಯಿತು. ರಬ್ಬರಿನ ಬದಲು ಬೇರಿಂಗ್ ಇರುವ ರೋಲರ್ ಪರ್ಚು ಒಂದೇ ಬೆರಳಿಗೆ ತಿರುಗುತ್ತದೆ. ಸಣ್ಣ ಗುಂಡಿ, ರಸ್ತೆಯ ಜೋಡುಗಳ ಮೇಲೆ ವ್ಯತ್ಯಾಸ ಮೊದಲ ಮೈಲಿಯಲ್ಲೇ ಸ್ಟೀರಿಂಗಿಗೆ ಗೊತ್ತಾಗುತ್ತದೆ. ಸದ್ದು ಹೆಚ್ಚಾದೀತೆಂಬ ಭಯ ಬೇಡ; ಸ್ಪ್ರಿಂಗಿನ ಮೇಲ್ತುದಿಯ ರಬ್ಬರ್ ಇನ್ಸುಲೇಟರ್ ಹಾಗೇ ಉಳಿಯುತ್ತದೆ. ಕೈಯಲ್ಲಿ ಒಂದೇ ಭಾಗಕ್ಕೆ ದುಡ್ಡಿದ್ದರೆ ಇದಕ್ಕೇ ಹಾಕಿ. ಇಲ್ಲಿ ಪಾಲಿ ಬುಷ್ ಹಾಕಿದರೆ ರಬ್ಬರಿನ ಬಿಗಿಯೂ ಉಳಿಯಿತು, ಕಿರ್ ಎಂಬ ಸದ್ದೂ ಬೋನಸ್ಸಾಗಿ ಬಂತು.

ಎರಡನೆಯದು ಸ್ಟ್ರಟ್ ರಾಡ್. ಎಡವಟ್ಟು ಹೆಚ್ಚಾಗುವುದು ಇಲ್ಲೇ. ಕೆಳಗಿನ ಆರ್ಮ್ ಒಂದೇ ಬೋಲ್ಟಿನ ಮೇಲೆ ನಿಂತಿದೆ. ಅದು ಹಿಂದೆ ಮುಂದೆ ಹೋಗದಂತೆ ಹಿಡಿಯುವುದು, ಮುಂದಿನ ಬ್ರಾಕೆಟ್ಟಿಗೆ ಎರಡು ರಬ್ಬರ್ ಬಿಲ್ಲೆಗಳ ನಡುವೆ ತೂರಿಸಿದ ಈ ರಾಡು. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಎಳೆಯುತ್ತದೆ, ಮುಂದಿನ ರಬ್ಬರ್ ಅಮುಕಿಕೊಳ್ಳುತ್ತದೆ, ಕ್ಯಾಸ್ಟರ್ (ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಹಳೇ ರಬ್ಬರಾದರೆ ಜೋರು ಬ್ರೇಕಿನಲ್ಲಿ ಕಾರು ಒಂದು ಬದಿಗೆ ಸರಿಯುತ್ತದೆ. ಹಾಗಾಗಿ ಗಟ್ಟಿ ಪಾಲಿ ಬಿಲ್ಲೆ ಹಾಕೋಣ ಎನ್ನಿಸುವುದು ಸಹಜ, ಮೊದಲ ವಾರ ಸ್ಟೀರಿಂಗ್ ಚುರುಕಾಗಿಯೂ ಇರುತ್ತದೆ. ಆದರೆ ಆರ್ಮ್ ಏರಿಳಿಯುವಾಗ ರಾಡು ಆ ಬ್ರಾಕೆಟ್ಟಿನಲ್ಲಿ ವಾಲಲೇಬೇಕು. ಪಾಲಿ ವಾಲಲು ಬಿಡುವುದಿಲ್ಲ, ವಾಲದ ರಾಡು ಬಾಗುತ್ತದೆ, ಅದೂ ಥ್ರೆಡ್ ಶುರುವಾಗುವ ತೆಳು ಜಾಗದಲ್ಲೇ. ಬಾಗಿ ಬಾಗಿ ಒಂದು ದಿನ ತುಂಡಾಗುತ್ತದೆ. ಬ್ರೇಕ್ ಹಿಡಿದಾಗಲೇ ತುಂಡಾದರೆ ಚಕ್ರ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಪಾಲಿ ಬಿಲ್ಲೆ ಈಗಾಗಲೇ ಇರುವ ಕಾರಾದರೆ ರಾಡು ಬಿಚ್ಚಿ, ಥ್ರೆಡ್ಡಿನ ಬುಡವನ್ನು ವೈರ್ ಬ್ರಷ್‌ನಿಂದ ಉಜ್ಜಿ, ಕೂದಲೆಳೆಯ ಬಿರುಕಿದೆಯೇ ನೋಡಿ.

ಇಲ್ಲಿ ನಿಜವಾದ ಸ್ಪರ್ಧೆ ಹೊಸ ರಬ್ಬರಿಗೂ, ಗುಂಡಿನ ಜಾಯಿಂಟ್ ಇರುವ ಅಡ್ಜಸ್ಟಬಲ್ ರಾಡಿಗೂ. ಎರಡನೆಯದು ಎಲ್ಲ ಕಡೆಗೂ ವಾಲುತ್ತದೆ, ಉದ್ದಕ್ಕೆ ಮಾತ್ರ ಜಗ್ಗುವುದಿಲ್ಲ. ಬ್ರೇಕಿನಲ್ಲಿ ಕಾರು ನೇರ ನಿಲ್ಲುತ್ತದೆ. ಅದರ ಬೆಲೆಯೆಂದರೆ ಕ್ಯಾಬಿನ್ನಿಗೆ ತುಸು ಹೆಚ್ಚು ಟಪಟಪ, ಮತ್ತು ಮಳೆ-ಉಪ್ಪು-ಮಣ್ಣು ತಿಂದು ಜಾಯಿಂಟು ಸವೆಯುವುದು. ರಬ್ಬರ್ ಬೂಟ್ ಇಲ್ಲದ ಮಾದರಿಯನ್ನು ರಸ್ತೆ ಕಾರಿಗೆ ತರಬೇಡಿ. ವಾರಕ್ಕೊಮ್ಮೆ ತಿರುಗಾಟದ ಕಾರಾದರೆ ಹೊಸ ರಬ್ಬರೇ ಸಾಕು.

ಕೆಳಗಿನ ಆರ್ಮಿನ ಒಳಬುಷ್‌ಗೆ ರಬ್ಬರನ್ನೇ ಇಟ್ಟರೆ ನಷ್ಟವಿಲ್ಲ. ಆದರೆ ಕಾರು ಜಾಕ್ ಮೇಲಿದ್ದು ಆರ್ಮ್ ಜೋತುಬಿದ್ದಿರುವಾಗ ಆ ಬೋಲ್ಟನ್ನು ಕೊನೆಯ ಬಿಗಿ ಬಿಗಿಯಬಾರದು. ಈ ರಬ್ಬರ್ ಬುಷ್‌ನ ಒಳಕೊಳವೆಗೂ ಹೊರಕೊಳವೆಗೂ ಅಂಟಿಕೊಂಡಿರುತ್ತದೆ. ಬಿಗಿದ ಜಾಗವೇ ಅದರ ಸೊನ್ನೆ. ಕಾರು ಇಳಿಸಿದೊಡನೆ ಅದು ತಿರುಚಿ ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಚಕ್ರ ಹಾಕಿ, ಭಾರ ಬಿಟ್ಟು, ಮುಂಭಾಗವನ್ನು ನಾಲ್ಕೈದು ಸಲ ಕುಲುಕಿ, ಆಮೇಲೆ ಬಿಗಿಯಿರಿ.

ಮೇಲಿನ ಆರ್ಮಿನ ಒಳಶಾಫ್ಟಿನಲ್ಲಿ ರಬ್ಬರೇ ಇಲ್ಲ, ಥ್ರೆಡ್ ಇರುವ ಉಕ್ಕಿನ ಬುಷ್. ಗೇಟು ತೆಗೆದಂತೆ ಕೀರಲು ಸದ್ದು ಹೊರಡುವುದು ಗ್ರೀಸ್ ಕಾಣದ ಈ ಬುಷ್‌ಗಳಿಂದಲೇ. ಆರ್ಮ್ ಕೂರಿಸಿದ ಮೇಲೆ ಗ್ರೀಸ್ ಗನ್ ಅಲ್ಲಿಗೆ ನುಗ್ಗುವುದು ಕಷ್ಟ. ಬೆಂಚಿನ ಮೇಲಿರುವಾಗಲೇ ಪ್ಲಗ್ ತೆಗೆದು ಬಾಗಿದ ಗ್ರೀಸ್ ನಿಪ್ಪಲ್ ಹಾಕಿಕೊಳ್ಳಿ. ಅಗ್ಗದ ಹೊಸ ಆರ್ಮ್‌ಗಳಲ್ಲಿ ಶಾಫ್ಟ್ ಡಬ್ಬಿಯಿಂದಲೇ ಕಚ್ಚಿಕೊಂಡು ಬರುತ್ತದೆ. ಕೈಗೆ ನಯವಾಗಿ ತಿರುಗದಿದ್ದರೆ ವಾಪಸ್ ಕಳಿಸಿ.

ಇಷ್ಟೆಲ್ಲ ಬುಷ್ ಚರ್ಚೆಗಿಂತ ಹೆಚ್ಚು ಫಲ ಕೊಡುವುದು, ಬಿಡಿಭಾಗವೇ ಬೇಡದ ಒಂದು ಕೆಲಸ: ಮೇಲಿನ ಆರ್ಮಿನ ತೂತುಗಳನ್ನು 1 ಇಂಚು ಕೆಳಕ್ಕೆ, 1/8 ಇಂಚು ಹಿಂದಕ್ಕೆ ಕೊರೆಯುವುದು. ಫೋರ್ಡ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಹಾಕಿದ ಲೆಕ್ಕ. ಮಸ್ಟಾಂಗ್‌ನ ರೇಸಿಂಗ್ ರೂಪವಾದ 1965ರ ಶೆಲ್ಬಿ ಜಿಟಿ350ರಲ್ಲಿ ಬಂದದ್ದರಿಂದ ಶೆಲ್ಬಿ ಡ್ರಾಪ್ ಎಂಬ ಹೆಸರೂ ಇದೆ. ತಿರುವಿನಲ್ಲಿ ಹೊರಚಕ್ರ ತನ್ನ ಹೊರ ಅಂಚಿನ ಮೇಲೆ ವಾಲುವ ಚಾಳಿ ಕಡಿಮೆಯಾಗುತ್ತದೆ, ಮುಂಭಾಗ ಸುಮಾರು ಅರ್ಧ ಇಂಚು ತಗ್ಗುತ್ತದೆ. ಹೊಸ ತೂತಿನ ಜಾಗ ತೋರಿಸುವ ಟೆಂಪ್ಲೇಟನ್ನು ಹಳೇ ತೂತುಗಳಿಗೆ ಬೋಲ್ಟ್ ಮಾಡಿ, ಮೊದಲು ಸಣ್ಣ ಪೈಲಟ್ ತೂತು, ಆಮೇಲೆ 17/32 ಇಂಚಿನ ಬಿಟ್. ಕೊರೆಯುವ ಮುಂಚೆ ಶಾಕ್ ಟವರನ್ನು (ಮೇಲಿನ ಆರ್ಮೂ ಸ್ಪ್ರಿಂಗೂ ನೆಲೆಸಿರುವ ಲೋಹದ ಗೋಪುರ) ಕೆರೆದು ಬಿರುಕು ಹುಡುಕಿ. 1.75 ಇಂಚು ಇಳಿಸುವ ಆಸೆಗೆ ಬಿದ್ದರೆ ಮೇಲಿನ ಬಾಲ್ ಜಾಯಿಂಟ್ ಮಿತಿಗೆ ತಾಗಿ ಕಚ್ಚುತ್ತದೆ, ಅದಕ್ಕೆ ವೆಡ್ಜ್ (ಬೆಣೆ) ಬೇಕು. ರಸ್ತೆಗೆ 1 ಇಂಚೇ ಸಾಕು.

ಸ್ಪ್ರಿಂಗಿನ ವಿಷಯದಲ್ಲಿ, ಕಾರನ್ನು 1 ಇಂಚು ತಗ್ಗಿಸುವ, ಇಂಚಿಗೆ 620 ಪೌಂಡ್ ಬಿಗಿಯದು ರೋಲರ್ ಪರ್ಚಿನ ಮೇಲೆ ಹಿತವಾಗಿದೆ; ಅದೇ ಸ್ಪ್ರಿಂಗ್ ರಬ್ಬರ್ ಪರ್ಚಿನ ಮೇಲೆ ಎತ್ತಿನಗಾಡಿ. ಸ್ಪ್ರಿಂಗಿನ ಕೆಳತುದಿ ಪರ್ಚಿನ ತಡೆಗೆ ಅರ್ಧ ಇಂಚಿನೊಳಗೆ ಕೂರಬೇಕು, ಇಲ್ಲದಿದ್ದರೆ ಎರಡು ಬದಿಯ ಎತ್ತರ ಬೇರೆಯಾಗುತ್ತದೆ. ಕಂಪ್ರೆಸರ್ ಶಾಕ್ ಟವರಿನ ಮೇಲಿಂದ, ಸ್ಪ್ರಿಂಗಿನ ಒಳಗೆ ಇಳಿಯುವ ಬಗೆಯದೇ ಆಗಲಿ. ಹೊರಗಿನಿಂದ ಕೊಕ್ಕೆ ಹಾಕುವ ಸಾಮಾನ್ಯ ಬಗೆಗೆ ಅಲ್ಲಿ ಜಾಗವಿಲ್ಲ, ಕೊಕ್ಕೆ ಜಾರಿದರೆ ಕೈ ಉಳಿಯುವುದಿಲ್ಲ. ಸ್ವೇ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸಲಾಕೆ) 1 ಇಂಚು ದಪ್ಪದ್ದು ಹಾಕಿ. ಬಾರಿನ ಲಿಂಕ್ ಬುಷ್‌ಗೆ ಪಾಲಿ ಧಾರಾಳವಾಗಿ ಹಾಕಬಹುದು. ಪಾಲಿಗೆ ನಿಜವಾಗಿ ಹೊಂದುವ ಜಾಗ ಅದೇ.

ಟವರ್ ಕತ್ತರಿಸಿ, 1970ರ ದಶಕದ ಮಸ್ಟಾಂಗ್ 2 ಮಾದರಿಯ ಮುಂಭಾಗ ವೆಲ್ಡ್ ಮಾಡುವ ಕಿಟ್ಟೂ ಇದೆ. ದೊಡ್ಡ ಎಂಜಿನ್ನಿಗೆ ಜಾಗ, ರ್‍ಯಾಕ್ ಸ್ಟೀರಿಂಗ್ ಎರಡೂ ಸಿಗುತ್ತವೆ. ಆದರೆ ಟವರುಗಳು ಹೊರುತ್ತಿದ್ದ ಭಾರವನ್ನು, ಅದಕ್ಕೆಂದು ಮಾಡಿರದ ಫ್ರೇಮ್ ರೇಲ್ ಹೊರಬೇಕಾಗುತ್ತದೆ. 289 ಇರುವ ಕಾರಿಗೆ ಇದು ಬೇಡವೇ ಬೇಡ.

ಕೊನೆಗೆ ಅಲೈನ್‌ಮೆಂಟ್. ಕಂಪನಿ ಪುಸ್ತಕದ ಅಂಕಿಗಳು ಹಳೇ ಬಗೆಯ ಬಯಾಸ್ ಪ್ಲೈ ಟೈರಿನ ಕಾಲದವು. ರೇಡಿಯಲ್ ಟೈರಿಗೆ ಕ್ಯಾಸ್ಟರ್ +2ರಿಂದ +3 ಡಿಗ್ರಿ, ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) –0.5 ಡಿಗ್ರಿ, ಟೋ-ಇನ್ (ಎರಡು ಚಕ್ರಗಳ ಮುಂದಿನ ಅಂಚು ಒಳಕ್ಕೆ ತಿರುಗಿರುವುದು) 1/8 ಇಂಚು ಕೇಳಿ. ಮೇಲಿನ ಶಾಫ್ಟಿನ ಹಿಂದಿರುವ ಎರಡೂ ಬೋಲ್ಟಿನಿಂದ ಸಮನಾಗಿ ಶಿಮ್ (ಸಂದಿಗೆ ಇಡುವ ತೆಳು ಲೋಹದ ತುಂಡು) ತೆಗೆದರೆ ಕ್ಯಾಂಬರ್ ಋಣಕ್ಕೆ ಹೋಗುತ್ತದೆ. ಮುಂದಿನ ಬೋಲ್ಟಿಗೆ ಸೇರಿಸಿದರೆ, ಇಲ್ಲವೇ ಹಿಂದಿನದರಿಂದ ತೆಗೆದರೆ ಕ್ಯಾಸ್ಟರ್ ಏರುತ್ತದೆ. ಹೊಸ ಸ್ಪ್ರಿಂಗು ನಾಲ್ಕೈದು ನೂರು ಮೈಲಿಯಲ್ಲಿ ತುಸು ಕೂರುವುದರಿಂದ ಮೊದಲ ಅಲೈನ್‌ಮೆಂಟಿಗೆ ಪೂರ್ತಿ ದುಡ್ಡು ಸುರಿಯದೆ ಟೋ ಮಾತ್ರ ಸರಿಮಾಡಿಸಿಕೊಂಡು ಓಡಿಸಿ, ಪರ್ಚಿನ ನಟ್ಟುಗಳನ್ನೂ ಸ್ಟ್ರಟ್ ರಾಡಿನ ಲಾಕ್‌ನಟ್ಟನ್ನೂ ಇನ್ನೊಮ್ಮೆ ಬಿಗಿದು, ಆಮೇಲೆ ಪೂರ್ತಿ ಮಾಡಿಸಿ.